ಕೀಲಿಕೈ ಕೊಟ್ಟವರನ್ನು ಯಾರೂ ಕೇಳುವುದಿಲ್ಲ ಯಾಕೆ?

ಮೊದಲೇ ಹೇಳಿಬಿಡ್ತೇನೆ, ಇದು ಜಗಳದ ಪೋಸ್ಟು. ಮಳೆ, ಕಡಲು, ಪತ್ರೊಡೆ ಅಂತ ಓದಲಿಕ್ಕೆ ಬಂದವರು ಈ ಸಲ ಕ್ಷಮಿಸಬೇಕು. ಪತ್ರೊಡೆ ಮುಂದಿನ ಸಲ ಖಂಡಿತ :-)

ಜಗಳ ಒಂದೇ ಒಂದು ಹೆಜ್ಜೆಯ ಮೇಲೆ. ಕ್ಲೌಡ್ ಬಗ್ಗೆ, ಅದರಲ್ಲೂ ಟೆರಾಫಾರ್ಮ್ ಬಗ್ಗೆ ಈಗ ಕನ್ನಡದಲ್ಲೂ ಪಾಠಗಳು ಬರುತ್ತಿವೆ. ಬ್ಲಾಗಿನಲ್ಲಿ ಬರೆಯುವವರಿದ್ದಾರೆ, ವಿಡಿಯೋ ಮಾಡುವವರಿದ್ದಾರೆ. ಸಂತೋಷ. "ಕನ್ನಡದಲ್ಲಿ ಕಂಪ್ಯೂಟರ್ ಬಗ್ಗೆ ಎಂತ ಬರೆಯುದು, ಇಂಗ್ಲಿಷಿನಲ್ಲಿ ಇಲ್ವಾ" ಅನ್ನುವವರ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಪಾಠ ತೆರೆದರೆ ಮೊದಲ ಹೆಜ್ಜೆ ಏನು? ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಐಎಎಂಗೆ ಹೋಗಿ ಒಬ್ಬ ಯೂಸರ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಕ್ಸೆಸ್ ಟಿಕ್ ಮಾಡಿ, ಆಕ್ಸೆಸ್ ಕೀ ಇಳಿಸಿಕೊಳ್ಳಿ, ಇಲ್ಲಿ ಪೇಸ್ಟ್ ಮಾಡಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, "ಪ್ರೊಡಕ್ಷನ್‌ನಲ್ಲಿ ಹೀಗೆ ಮಾಡಬೇಡಿ. ಸರಿ, ಮುಂದೆ ಹೋಗೋಣ."

ಎಲ್ಲಿಗೆ ಮುಂದೆ ಹೋಗುವುದು ಮಾರಾಯ್ರೆ? ಪ್ರೊಡಕ್ಷನ್‌ನಲ್ಲಿ ಹೀಗೆ ಮಾಡಬಾರದು ಅಂತಾದರೆ ಹೇಗೆ ಮಾಡಬೇಕು ಅಂತ ಹೇಳುವ ಪಾಠ ಎಲ್ಲಿದೆ? ಹೆಚ್ಚಿನವರು ಅದನ್ನು ಬರೆಯುವುದೇ ಇಲ್ಲ. ಇಂಗ್ಲಿಷಿನಲ್ಲಿ ಹೀಗೇ ಇತ್ತು, ನಾವೂ ಹೀಗೇ ಇಳಿಸಿಕೊಂಡೆವು. ಕಲಿತ ಹುಡುಗ ಮಾತ್ರ ಮೊದಲ ದಿನ ಕಲಿತದ್ದನ್ನೇ ಕೊನೆಯವರೆಗೆ ಮಾಡುತ್ತಾನೆ.

ನಮ್ಮ ಕವಿ ಮಿತ್ರರಿಗಾಗಿ ಸ್ವಲ್ಪ ವಿವರಣೆ. (ಟೆಕ್ಕಿಗಳು ಈ ಪ್ಯಾರಾ ಹಾರಿಸಬಹುದು.) ಹಿಂದೆ ಸರ್ವರ್ ಬೇಕಾದರೆ ಕ್ಲೌಡ್ ಕಂಪನಿಯ ಪುಟಕ್ಕೆ ಲಾಗಿನ್ ಆಗಿ ಒಂದೊಂದೇ ಬಟನ್ ಒತ್ತಿ ಕಟ್ಟಿಕೊಳ್ಳಬೇಕಿತ್ತು. ಈಗ ಬೇಕಾದದ್ದನ್ನೆಲ್ಲ ಫೈಲಿನಲ್ಲಿ ಬರೆಯುತ್ತೇವೆ. ಎರಡು ಮೆಷಿನ್, ಒಂದು ಡೇಟಾಬೇಸ್, ಅವುಗಳ ನಡುವೆ ಇಂತಿಂಥ ಬಾಗಿಲು ತೆರೆದಿರಲಿ, ಇಂಥದ್ದು ಮುಚ್ಚಿರಲಿ. ಟೆರಾಫಾರ್ಮ್ ಅದನ್ನು ಓದಿ ಕಟ್ಟಿ ನಿಲ್ಲಿಸುತ್ತದೆ. ಹ್ಯಾಶಿಕಾರ್ಪ್ ಇದನ್ನು ಬಿಟ್ಟದ್ದು 2014ರಲ್ಲಿ. 2023ರಲ್ಲಿ ಅವರು ಲೈಸೆನ್ಸ್ ಬದಲಿಸಿದಾಗ ಸಿಟ್ಟಾದವರು ಓಪನ್‌ಟೋಫು ಅಂತ ಕವಲು ತೆಗೆದರು. ಪುಲುಮಿ ಅಂತ ಇನ್ನೊಂದು ಉಂಟು. ಯಾವುದನ್ನೇ ಹಿಡಿಯಿರಿ, ನಕ್ಷೆ ಕೊಟ್ಟರೆ ಮನೆಯನ್ನೇ ಕಟ್ಟಿಕೊಡುವ ಮೇಸ್ತ್ರಿ ಅಂತ ಇಟ್ಟುಕೊಳ್ಳಿ. ಇದೇ ಮೇಸ್ತ್ರಿಗೆ "ಡೆಸ್ಟ್ರಾಯ್" ಅಂತ ಒಂದು ಶಬ್ದ ಹೇಳಿದರೆ ಮನೆಯನ್ನು ಕೆಡವಿಯೂ ಹಾಕುತ್ತಾನೆ. ಹಾಗಾಗಿ "ನೀನು ಯಾರಪ್ಪಾ" ಅಂತ ಕ್ಲೌಡ್ ಕೇಳುವುದು ನ್ಯಾಯವೇ. ಆ ಪ್ರಶ್ನೆಗೆ ಕೊಡುವ ಉತ್ತರವೇ ಅಥೆಂಟಿಕೇಶನ್. ನಾವು ಕೊಡುತ್ತಿರುವ ಉತ್ತರ ಒಂದು ಚೀಟಿ. ಅದರ ಮೇಲೆ ಎ-ಕೆ-ಐ-ಎ ಎಂದು ಶುರುವಾಗುವ 20 ಅಕ್ಷರ, ಜೊತೆಗೆ 40 ಅಕ್ಷರದ ಗುಟ್ಟು. ಈ ಚೀಟಿ ಯಾರ ಕೈಯಲ್ಲಿದ್ದರೆ ಅವರೇ ಮೇಸ್ತ್ರಿ. ಚೀಟಿಗೆ ಹೆಸರಿಲ್ಲ, ಮುಖವಿಲ್ಲ, ಮುಖ್ಯವಾಗಿ ಕೊನೆಯ ದಿನಾಂಕವಿಲ್ಲ. ನೀವಾಗಿ ಅಳಿಸುವವರೆಗೆ ಅದು ಬದುಕಿರುತ್ತದೆ.

ಕಾರ್ಕಳದ ಗೊಮ್ಮಟ 1432ರಿಂದ ಮಳೆ ಬಿಸಿಲಿಗೆ ಅಲ್ಲಾಡದೆ ನಿಂತಿದ್ದಾನೆ. ನಮ್ಮ ಕಂಪನಿಗಳ ಆಕ್ಸೆಸ್ ಕೀಗಳೂ ಹಾಗೇ. "ರೊಟೇಟ್ ಮಾಡ್ತೀರಾ?" ಅಂತ ಕೇಳಿದರೆ "ಮಾಡ್ತೇವೆ, ಮಾಡ್ತೇವೆ" ಅನ್ನುತ್ತಾರೆ. ಹನ್ನೆರಡು ವರ್ಷಕ್ಕೊಮ್ಮೆ, ಮಸ್ತಕಾಭಿಷೇಕದ ಜೊತೆಗೆ ಇರಬೇಕು.

ನಗುವ ವಿಷಯ ಅಲ್ಲ ನಿಜವಾಗಿ. ನಮ್ಮದೇ ರಾಜ್ಯದ ಉದಾಹರಣೆ ತೆಗೆದುಕೊಳ್ಳಿ. 2025ರ ಮೇ ಕೊನೆಯಲ್ಲಿ ಬೆಂಗಳೂರಿನ ಕಿರಾಣಾಪ್ರೋ ಎಂಬ ದಿನಸಿ ಆ್ಯಪ್‌ನವರ ಅಮೆಜಾನ್ ಕ್ಲೌಡ್ ಖಾತೆಗೂ ಗಿಟ್‌ಹಬ್ ಖಾತೆಗೂ ಯಾರೋ ನುಗ್ಗಿದರು. ಸರ್ವರುಗಳು ಅಳಿಸಿಹೋದವು, ಕೋಡೂ ಹೋಯಿತು. ಎರಡನೇ ಹಂತದ ಕೋಡು ಕೇಳುವ ವ್ಯವಸ್ಥೆ ಇತ್ತು, ಆದರೂ ತಡೆಯಲಿಲ್ಲ. ಕೆಲಸ ಬಿಟ್ಟುಹೋದ ಒಬ್ಬರ ಖಾತೆಯ ಮೂಲಕ ಒಳಗೆ ಬಂದಿರಬೇಕು ಅಂತ ಕಂಪನಿ ಹೇಳಿತು. ಯಾರು ಮಾಡಿದ್ದು ಅನ್ನುವ ವಾದ ಆಮೇಲೆ ಬೇರೆ ಬೇರೆ ದಿಕ್ಕಿಗೆ ಹೋಯಿತು, ಅದಕ್ಕೆ ನಾನು ಕೈ ಹಾಕುವುದಿಲ್ಲ. ನನಗೆ ಬೇಕಾದದ್ದು ಒಂದು ಮಾತು ಮಾತ್ರ. ಬಿಟ್ಟುಹೋದವರ ಖಾತೆ ಮುಚ್ಚುವ ಕೆಲಸ ಸರಿಯಾಗಿ ಆಗುತ್ತಿರಲಿಲ್ಲ, ಪೂರ್ಣಾವಧಿ ಎಚ್‌ಆರ್ ಇರಲಿಲ್ಲ ಅಂತ ಅವರೇ ಒಪ್ಪಿಕೊಂಡರು. ಕೀಲಿಕೈ ವಾಪಸ್ ತೆಗೆದುಕೊಳ್ಳುವುದು ಎಚ್‌ಆರ್ ನೆನಪಿನ ಮೇಲೆ ನಿಂತಿದೆ ಅಂದರೆ ಕೀಲಿಕೈಯ ವಿನ್ಯಾಸವೇ ಸರಿ ಇಲ್ಲ. ಎಚ್‌ಆರ್ ಮರೆತರೂ ತಾನಾಗಿ ಸಾಯುವ ಕೀಲಿಕೈ ಬೇಕು.

ಇದು ಹೊಸ ಪಾಠವೂ ಅಲ್ಲ. 2014ರ ಜೂನ್‌ನಲ್ಲಿ ಕೋಡ್ ಸ್ಪೇಸಸ್ ಅಂತ ಒಂದು ಕಂಪನಿ ಇತ್ತು, ಬೇರೆಯವರ ಕೋಡನ್ನು ಕಾಪಾಡಿ ಇಡುವುದೇ ಅವರ ವ್ಯಾಪಾರ. ಅವರ ಅಮೆಜಾನ್ ಕಂಟ್ರೋಲ್ ಪ್ಯಾನೆಲ್ ಒಬ್ಬನ ಕೈಗೆ ಸಿಕ್ಕಿ ಸುಮಾರು 12 ಗಂಟೆಯಲ್ಲಿ ಡೇಟಾ, ಬ್ಯಾಕಪ್ ಹೆಚ್ಚಿನದ್ದೆಲ್ಲ ಅಳಿಸಿಹೋಯಿತು. ಕಂಪನಿ ಅಲ್ಲಿಗೇ ಬಾಗಿಲು ಹಾಕಿತು. ಊಬರ್ ಕತೆ ಗೊತ್ತಿರಬಹುದು. 2014ರಲ್ಲಿ ಒಮ್ಮೆ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಬಿದ್ದಿದ್ದ ಕೀಯಿಂದ ಡ್ರೈವರುಗಳ ಮಾಹಿತಿ ಹೋಯಿತು. ಬುದ್ಧಿ ಬಂತಾ? 2016ರಲ್ಲಿ ಮತ್ತೆ ಗಿಟ್‌ಹಬ್, ಮತ್ತೆ ಅಮೆಜಾನ್ ಕೀ, ಈ ಸಲ 5.7 ಕೋಟಿ ಜನರ ಮಾಹಿತಿ. ಕದ್ದವರಿಗೆ 1 ಲಕ್ಷ ಡಾಲರ್ ಕೊಟ್ಟು ಒಂದು ವರ್ಷ ಬಾಯಿ ಮುಚ್ಚಿ ಕೂತರು. ಟೊಯೋಟಾದ್ದು ಇನ್ನೂ ಚಂದ. ಹೊರಗಿನ ಗುತ್ತಿಗೆದಾರರು 2017ರ ಡಿಸೆಂಬರ್‌ನಲ್ಲಿ ಗಿಟ್‌ಹಬ್‌ಗೆ ಹಾಕಿದ ಕೋಡಿನೊಳಗೆ ಒಂದು ಆಕ್ಸೆಸ್ ಕೀ ಇತ್ತು. ಅದು ಯಾರಿಗಾದರೂ ಕಂಡದ್ದು 2022ರ ಸೆಪ್ಟೆಂಬರ್‌ನಲ್ಲಿ. 2,96,019 ಗ್ರಾಹಕರ ಇಮೇಲ್ ವಿಳಾಸಗಳಿಗೆ ಹೋಗುವ ದಾರಿ ಐದು ವರ್ಷದ ಹತ್ತಿರ ಹತ್ತಿರ ತೆರೆದೇ ಇತ್ತು. ಆ ಕೀಗೆ ಒಂದು ಗಂಟೆಯ ಆಯುಷ್ಯ ಇದ್ದಿದ್ದರೆ? ಗುತ್ತಿಗೆದಾರ ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಕತೆ ಮುಗಿಯುತ್ತಿತ್ತು.

ಈಗ ನನ್ನ ಸಿಟ್ಟಿನ ನಿಜವಾದ ಕಾರಣಕ್ಕೆ ಬರುತ್ತೇನೆ.

ಉಡುಪಿ-ಮಣಿಪಾಲದ ಸುತ್ತ ಸಣ್ಣ ಸಾಫ್ಟ್‌ವೇರ್ ಆಫೀಸುಗಳು ಸುಮಾರು ಉಂಟು. ಮಣಿಪಾಲ, ನಿಟ್ಟೆ, ಬಂಟಕಲ್ಲು ಕಡೆಯಿಂದ ಪ್ರತಿ ವರ್ಷ ಹುಡುಗ ಹುಡುಗಿಯರು ಪಾಸಾಗಿ ಬರುತ್ತಾರೆ. ಮನೆ ಬಿಟ್ಟು ಬೆಂಗಳೂರಿಗೆ ಹೋಗದೆ ಕಾಪುವಿನಿಂದಲೋ ಕಾರ್ಕಳದಿಂದಲೋ ಬಸ್ಸಿನಲ್ಲಿ ಬಂದು ಕೆಲಸ ಮಾಡುತ್ತಾರೆ. ಒಳ್ಳೆಯದೇ. ಅಂಥ ಒಂದು ಕಡೆ (ಹೆಸರು ಬೇಡ, ಊರು ಸಣ್ಣದು) ಆದದ್ದು ಇದು, ನಾನು ಆಗ ಅಲ್ಲೇ ಇದ್ದೆ. ಹೊಸದಾಗಿ ಸೇರಿದ ಹುಡುಗ. ಮೂರನೇ ದಿನ ಅವನಿಗೆ ವಾಟ್ಸ್ಆ್ಯಪ್‌ನಲ್ಲಿ ಒಂದು ಸಿಎಸ್‌ವಿ ಫೈಲು ಬಂತು. ಕಳಿಸಿದವರು ಅವನ ಮೇಲಿನ ಸರ್. ಅದರೊಳಗೆ ಇಡೀ ಕಂಪನಿಯ ಅಡ್ಮಿನ್ ಕೀ. "ಎಂತಕ್ಕೆ ಸರ್ ಇದು?" ಅಂತ ಕೇಳಿದ. "ಟೆರಾಫಾರ್ಮ್ ಕಲಿ, ಇದನ್ನು ಹಾಕಿದರೆ ಓಡ್ತದೆ" ಅಂದರು. ಹುಡುಗ ಕಲಿತ. ಕಲಿತದ್ದನ್ನು ಮನೆಯಲ್ಲಿ ಮತ್ತೊಮ್ಮೆ ಬರೆದು ನೋಡಿದ. ತನ್ನ ಗಿಟ್‌ಹಬ್‌ಗೆ ಹಾಕಿದ. ಇಂಟರ್ವ್ಯೂಗಳಲ್ಲಿ ಗಿಟ್‌ಹಬ್ ತೋರಿಸು ಅಂತ ಎಲ್ಲರೂ ಕೇಳುತ್ತಾರಲ್ಲ! ಬೆಳಗ್ಗೆ ನೋಡುವಾಗ ಪ್ರಪಂಚದ ಯಾವ್ಯಾವುದೋ ಮೂಲೆಯ ಡೇಟಾ ಸೆಂಟರ್‌ಗಳಲ್ಲಿ ದೊಡ್ಡ ದೊಡ್ಡ ಮೆಷಿನುಗಳು ಕ್ರಿಪ್ಟೋ ಅಗೆಯುತ್ತಾ ಕೂತಿದ್ದವು.

ಆಮೇಲೆ ಮೀಟಿಂಗು. ಅಲ್ಲಿ ಕೇಳಿದ ಪ್ರಶ್ನೆಗಳೆಲ್ಲ ಹುಡುಗನಿಗೆ. "ನೀನು ಯಾಕೆ ಹಾಕಿದೆ? ನಿನಗೆ ಅಷ್ಟೂ ಗೊತ್ತಿಲ್ವಾ? ಇಂಜಿನಿಯರಿಂಗ್‌ನಲ್ಲಿ ಎಂತ ಕಲಿತದ್ದು?" ಮೂರು ದಿನದ ಹುಡುಗನಿಗೆ ಅಡ್ಮಿನ್ ಕೀ ಯಾಕೆ ಕೊಟ್ಟಿರಿ, ಅದನ್ನು ವಾಟ್ಸ್ಆ್ಯಪ್‌ನಲ್ಲಿ ಯಾಕೆ ಕೊಟ್ಟಿರಿ, ಎಲ್ಲರೂ ಬಳಸುವ ಒಂದೇ ಕೀ ಯಾಕಿತ್ತು ಅಂತ ನಾನು ಕೇಳಿದ್ದಕ್ಕೆ ಬಂದ ಉತ್ತರ, "ಈಗ ಅದೆಲ್ಲ ಬೇಡ ಮಾರಾಯ." ಹುಡುಗ ತಿಂಗಳೊಳಗೆ ಬಿಟ್ಟುಹೋದ. ಕೀ ಕೊಟ್ಟವರು ಅಲ್ಲೇ ಇದ್ದರು. ಆಮೇಲೆ ಒಂದು ಹೊಸ ಕೀ ಮಾಡಿದರು, ಹೊಸ ಸಿಎಸ್‌ವಿ ಇಳಿಸಿದರು, ಹಳೆಯ ವಾಟ್ಸ್ಆ್ಯಪ್ ಗ್ರೂಪಿಗೇ ಹಾಕಿದರು!

ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತ ಗಾದೆ. ಇವರು ಸೂರೆ ಹೋದ ಮೇಲೂ ಬಾಗಿಲು ಹಾಕದೆ ಕಾವಲುಗಾರನನ್ನು ಕೆಲಸದಿಂದ ತೆಗೆದರು.

"ನಾವು ಸಣ್ಣವರು, ನಮ್ಮ ಮೇಲೆ ಯಾರಿಗೆ ಕಣ್ಣು?" ಅನ್ನುವುದು ಈ ಊರಿನ ರಾಷ್ಟ್ರಗೀತೆ. ಗಿಟ್‌ಹಬ್ ಜಾಲಾಡುವ ಬಾಟ್‌ಗಳಿಗೆ ನಿಮ್ಮ ಆಫೀಸು ಕಡಿಯಾಳಿಯಲ್ಲಿದೆಯೋ ಕ್ಯಾಲಿಫೋರ್ನಿಯಾದಲ್ಲಿದೆಯೋ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಅವು ಹುಡುಕುವುದು ಆ ನಾಲ್ಕು ಅಕ್ಷರಗಳನ್ನು. ಹೌದು, ಅಮೆಜಾನ್‌ನವರೂ ಹೀಗೆ ಹೊರಬಿದ್ದ ಕೀಗಳನ್ನು ಪತ್ತೆ ಹಚ್ಚಿ ಅವುಗಳ ಮೇಲೆ ಒಂದಷ್ಟು ನಿರ್ಬಂಧ ಹಾಕುತ್ತಾರೆ. ಗಿಟ್‌ಹಬ್ ಕೂಡ 2024ರಿಂದ ಸಾರ್ವಜನಿಕ ರೆಪೊಸಿಟರಿಗಳಿಗೆ ಗುಟ್ಟು ಹಾಕಹೊರಟರೆ ಬಾಗಿಲಲ್ಲೇ ತಡೆಯುತ್ತದೆ. ಒಳ್ಳೆಯ ಕೆಲಸ. ಆದರೆ ವಾಟ್ಸ್ಆ್ಯಪ್ ಗ್ರೂಪಿಗೆ, ಕದ್ದ ಲ್ಯಾಪ್‌ಟಾಪಿಗೆ, ಬಿಟ್ಟುಹೋದವನ ಪೆನ್‌ಡ್ರೈವಿಗೆ ಯಾವ ಬಾಗಿಲು?

ಹಾಗಾದರೆ ಎಂತ ಮಾಡುವುದು ಅಂತ ಕೇಳಿ. ಉತ್ತರ ನಮ್ಮ ರಥಬೀದಿಯಲ್ಲೇ ಉಂಟು.

ಎರಡು ವರ್ಷಕ್ಕೊಮ್ಮೆ ಉಡುಪಿಯಲ್ಲಿ ಪರ್ಯಾಯ. ಎಂಟು ಮಠ, ಸರದಿ ಪ್ರಕಾರ ಒಂದೊಂದು ಮಠಕ್ಕೆ ಎರಡು ವರ್ಷ ಕೃಷ್ಣನ ಪೂಜೆ. ಮೊದಲು ಎರಡು ತಿಂಗಳಿತ್ತು, ವಾದಿರಾಜರು ಎರಡು ವರ್ಷ ಮಾಡಿದರು. ಜನವರಿ 18ರ ನಸುಕಿನಲ್ಲಿ ಹೊಸ ಪರ್ಯಾಯದ ಸ್ವಾಮಿಗಳು ಕಾಪುವಿನ ದಂಡತೀರ್ಥದಲ್ಲಿ ಸ್ನಾನ ಮಾಡಿ, ಜೋಡುಕಟ್ಟೆಯಿಂದ ಮೆರವಣಿಗೆಯಲ್ಲಿ ಬರುತ್ತಾರೆ. ಇಳಿಯುವ ಸ್ವಾಮಿಗಳು ಅಕ್ಷಯಪಾತ್ರೆ, ಸಟ್ಟುಗ, ಗರ್ಭಗುಡಿಯ ಕೀಲಿಕೈ ಅವರ ಕೈಗೆ ಕೊಡುತ್ತಾರೆ. 2024ರಲ್ಲಿ ಪುತ್ತಿಗೆ ಮಠಕ್ಕೆ ಬಂತು, 2026ರಲ್ಲಿ ಶೀರೂರು ಮಠಕ್ಕೆ. ಈಗ ಭಕ್ತಿ ಸ್ವಲ್ಪ ಬದಿಗಿಟ್ಟು ಇಂಜಿನಿಯರ್ ಕಣ್ಣಿನಿಂದ ನೋಡಿ. ಅಧಿಕಾರ ವ್ಯಕ್ತಿಗೆ ಅಂಟಿಕೊಂಡಿಲ್ಲ, ಪೀಠಕ್ಕೆ ಅಂಟಿಕೊಂಡಿದೆ. ಅವಧಿ ಮೊದಲೇ ನಿಗದಿ. ಇಡೀ ಊರಿನ ಎದುರಿಗೆ, ಇವರೇ ಅವರು ಅಂತ ಎಲ್ಲರಿಗೂ ಗೊತ್ತಿರುವಂತೆ ಹಸ್ತಾಂತರ. ಅವಧಿ ಮುಗಿದ ಮೇಲೆ ಹಳೆಯ ಕೀಲಿಕೈ ಹಿಡಿದು "ನನ್ನ ಹತ್ತಿರ ಒಂದು ಕಾಪಿ ಉಂಟು" ಅನ್ನಲಿಕ್ಕಾಗುವುದಿಲ್ಲ. ಅಮೆಜಾನ್‌ನವರು ಇದಕ್ಕೆ "ಅಸ್ಯೂಮ್ ರೋಲ್" ಅಂತ ಹೆಸರಿಟ್ಟಿದ್ದಾರೆ. ಅವರ ಪರ್ಯಾಯ ಸಾಮಾನ್ಯವಾಗಿ ಒಂದು ಗಂಟೆ, ಬೇಕೆಂದರೆ 12 ಗಂಟೆಯವರೆಗೆ ಎಳೆಯಬಹುದು. ಅಷ್ಟೇ ವ್ಯತ್ಯಾಸ.

ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವರಿಗೆ ದಾರಿ ಸುಲಭ. ಐಡೆಂಟಿಟಿ ಸೆಂಟರ್ ಅಂತ ಒಂದನ್ನು ಅಮೆಜಾನ್ ಕೊಟ್ಟಿದೆ. ಬೆಳಗ್ಗೆ ಒಂದು ಆಜ್ಞೆ ಟೈಪ್ ಮಾಡಿದರೆ ಬ್ರೌಸರ್ ತೆರೆದುಕೊಳ್ಳುತ್ತದೆ, ನಿಮ್ಮ ಹೆಸರಿನಲ್ಲಿ ಲಾಗಿನ್ ಆಗುತ್ತೀರಿ, ಕೆಲವು ಗಂಟೆ ಬದುಕುವ ತಾತ್ಕಾಲಿಕ ಕೀ ಬರುತ್ತದೆ. ಸಂಜೆಗೆ ಅದು ಸತ್ತಿರುತ್ತದೆ. ಯಾರಾದರೂ ಕೆಲಸ ಬಿಟ್ಟರೆ ಒಂದೇ ಕಡೆ ಅವರ ಹೆಸರು ತೆಗೆದರಾಯಿತು, ಹತ್ತು ಕಡೆ ಹತ್ತು ಕೀ ಹುಡುಕುವ ಕೆಲಸ ಇಲ್ಲ. ಟೆರಾಫಾರ್ಮ್ ಕೋಡಿನಲ್ಲಿ ಏನು ಬದಲಾಯಿಸಬೇಕು? ಪ್ರೊವೈಡರ್ ಬ್ಲಾಕಿನಲ್ಲಿ ಕೀ ಬರೆದಿದ್ದರೆ ಅದನ್ನು ಅಳಿಸಿ. ಬರೆದಿಲ್ಲದಿದ್ದರೆ ಏನೂ ಇಲ್ಲ! ಅದು ಮೊದಲು ಕೋಡಿನಲ್ಲಿ ಹುಡುಕುತ್ತದೆ, ಆಮೇಲೆ ಎನ್ವಿರಾನ್‌ಮೆಂಟ್ ವೇರಿಯಬಲ್ಲುಗಳಲ್ಲಿ, ಆಮೇಲೆ ನಿಮ್ಮ ಹೋಮ್ ಫೋಲ್ಡರಿನ ಫೈಲುಗಳಲ್ಲಿ, ಕೊನೆಗೆ ತಾನು ಓಡುತ್ತಿರುವ ಮೆಷಿನಿಗೇ ಕೊಟ್ಟಿರುವ ರೋಲ್‌ನಲ್ಲಿ. ಇಷ್ಟು ಕಷ್ಟಪಟ್ಟು ಹುಡುಕುವ ಮೇಸ್ತ್ರಿಯ ಕೈಗೆ ನಾವು ಮೊದಲ ಜಾಗದಲ್ಲೇ ಶಾಶ್ವತ ಚೀಟಿ ತುರುಕುತ್ತೇವೆ.

ಮನುಷ್ಯರಿಲ್ಲದೆ ತಾನಾಗಿ ಓಡುವ ಪೈಪ್‌ಲೈನ್‌ಗಳದ್ದು ಸ್ವಲ್ಪ ಬೇರೆ ಕತೆ. "ನಾವು ಕೀಯನ್ನು ಗಿಟ್‌ಹಬ್ ಸೀಕ್ರೆಟ್ಸ್ ಒಳಗೆ ಇಟ್ಟಿದ್ದೇವೆ, ಅದು ಎನ್‌ಕ್ರಿಪ್ಟ್ ಆಗಿರ್ತದೆ" ಅಂತ ಎದೆ ಉಬ್ಬಿಸುವವರು ಇಲ್ಲಿ ಸಿಗುತ್ತಾರೆ. ಸ್ವಾಮೀ, 2023ರ ಜನವರಿಯಲ್ಲಿ ಸರ್ಕಲ್‌ಸಿಐ ತನ್ನ ಗ್ರಾಹಕರಿಗೆಲ್ಲ "ನಮ್ಮಲ್ಲಿ ಇಟ್ಟ ಎಲ್ಲ ಗುಟ್ಟುಗಳನ್ನೂ ಕೂಡಲೇ ಬದಲಿಸಿ" ಅಂತ ಹೇಳಬೇಕಾಯಿತು. ಅವರ ಒಬ್ಬ ಇಂಜಿನಿಯರ್‌ನ ಲ್ಯಾಪ್‌ಟಾಪಿಗೆ ಮಾಲ್‌ವೇರ್ ನುಗ್ಗಿದ್ದಷ್ಟೇ ಕಾರಣ. 2025ರ ಮಾರ್ಚ್‌ನಲ್ಲಿ 23,000ಕ್ಕೂ ಹೆಚ್ಚು ರೆಪೊಸಿಟರಿಗಳು ಬಳಸುತ್ತಿದ್ದ ಒಂದು ಗಿಟ್‌ಹಬ್ ಆಕ್ಷನ್‌ನೊಳಗೆ ಯಾರೋ ಕೈಯಾಡಿಸಿ, ಗುಟ್ಟುಗಳು ಬಿಲ್ಡ್ ಲಾಗಿನಲ್ಲಿ ಬಂದು ಬೀಳುವ ಹಾಗೆ ಮಾಡಿದರು. ತಿಜೋರಿ ಎಷ್ಟೇ ಗಟ್ಟಿ ಇರಲಿ, ಒಳಗೆ ಇಟ್ಟದ್ದು ಎಂದೆಂದಿಗೂ ಚಲಾವಣೆಯಲ್ಲಿರುವ ನೋಟು ಅನ್ನುವುದೇ ಸಮಸ್ಯೆ.

ದಾರಿ 2021ರಿಂದಲೇ ಇದೆ. ಗಿಟ್‌ಹಬ್ ಆಕ್ಷನ್ಸ್ ಓಐಡಿಸಿ ಶುರು ಮಾಡಿದ್ದು ಆಗ. ಪ್ರತಿ ಸಲ ಜಾಬ್ ಓಡುವಾಗ ಗಿಟ್‌ಹಬ್ ಒಂದು ಚೀಟಿ ಬರೆದು ಸಹಿ ಹಾಕುತ್ತದೆ, "ಈ ಜಾಬ್ ಇಂಥ ಸಂಸ್ಥೆಯ, ಇಂಥ ರೆಪೊಸಿಟರಿಯ, ಮೇನ್ ಬ್ರಾಂಚಿನದ್ದು" ಅಂತ. ಅಮೆಜಾನ್ ಸಹಿ ಪರೀಕ್ಷಿಸಿ, ಇವರನ್ನು ಒಳಗೆ ಬಿಡಬಹುದು ಅಂತ ನೀವು ಮೊದಲೇ ಬರೆದಿಟ್ಟಿದ್ದರೆ, ತಾತ್ಕಾಲಿಕ ಕೀ ಕೊಡುತ್ತದೆ. ಎರಡೂ ಕಡೆ ಎಲ್ಲೂ ಗುಟ್ಟು ಇಡುವುದಿಲ್ಲ. ಕದಿಯಲಿಕ್ಕೆ ತಿಜೋರಿಯೇ ಇಲ್ಲ. ಗೂಗಲ್‌ನವರ ಕ್ಲೌಡಿಗೂ ಅಜೂರ್‌ಗೂ ಇದೇ ಕ್ರಮ ಉಂಟು, ಹೆಸರು ಬೇರೆ. ಮಾಡಲಿಕ್ಕೆ ಎಷ್ಟು ಹೊತ್ತು? ಮೊದಲ ಸಲ ಆದರೆ ಒಂದು ಮಧ್ಯಾಹ್ನ. ಪರ್ಯಾಯಕ್ಕೆ ವರ್ಷ ಮೊದಲೇ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಅಂತ ಸಾಲಾಗಿ ಮಾಡುವ ಊರಿನವರು ನಾವು. ಒಂದು ಮಧ್ಯಾಹ್ನ ಇಲ್ಲ ಅಂದರೆ ನಂಬಬೇಕಾ?

ಇಲ್ಲಿ ಓಐಡಿಸಿ ಭಕ್ತರಿಗೂ ಎರಡು ಮಾತು ಹೇಳಲೇಬೇಕು. "ಮಾಡಿದ್ದೇವೆ" ಅಂದವರ ಟ್ರಸ್ಟ್ ಪಾಲಿಸಿ ತೆರೆದು ನೋಡಿದರೆ, ಯಾವ ರೆಪೊಸಿಟರಿ ಅನ್ನುವ ಜಾಗದಲ್ಲಿ ನಕ್ಷತ್ರ ಚಿಹ್ನೆ ಕೂತಿರುತ್ತದೆ! ಅಂದರೆ ಸಂಸ್ಥೆಯ ಯಾವ ರೆಪೊಸಿಟರಿಯ ಯಾವ ಬ್ರಾಂಚಿನಿಂದ ಬೇಕಾದರೂ ಪ್ರೊಡಕ್ಷನ್ ಅಲ್ಲಾಡಿಸಬಹುದು. ಆ ಷರತ್ತನ್ನೇ ಬರೆಯದೆ ಬಿಟ್ಟ ರೋಲ್‌ಗಳೂ ಸಿಕ್ಕಿದ್ದವು. ಅಲ್ಲಿ ಗಿಟ್‌ಹಬ್‌ನಲ್ಲಿರುವ ಪ್ರಪಂಚದ ಯಾರು ಬೇಕಾದರೂ ಒಳಗೆ ಬರಬಹುದಿತ್ತು. ಇನ್ನೊಂದು, ಪ್ಲಾನ್ ಮಾಡಲಿಕ್ಕೂ ಅಪ್ಲೈ ಮಾಡಲಿಕ್ಕೂ ಒಂದೇ ರೋಲ್ ಕೊಡುವುದು. "ಪ್ಲಾನ್ ಅಂದರೆ ಬರೀ ನೋಡುವುದಲ್ವಾ?" ಅಲ್ಲ. ಪ್ಲಾನ್ ಹೊತ್ತಿನಲ್ಲೇ ಹೊರಗಿನ ಪ್ರೋಗ್ರಾಂ ಓಡಿಸುವ ಡೇಟಾ ಸೋರ್ಸ್ ಟೆರಾಫಾರ್ಮ್‌ನಲ್ಲಿ ಇದೆ. ಪುಲ್ ರಿಕ್ವೆಸ್ಟ್ ಕಳಿಸಿದವನು ಅದನ್ನು ಒಳಗೆ ಸೇರಿಸಿದರೆ, ನಿಮ್ಮ ಅಡ್ಮಿನ್ ರೋಲ್ ಅವನ ಪ್ರೋಗ್ರಾಂ ಓಡಿಸುತ್ತದೆ. ನೋಡಲಿಕ್ಕೆ ಒಂದು ರೋಲ್, ಮೇನ್ ಬ್ರಾಂಚಿನಿಂದ ಮಾತ್ರ ಕಟ್ಟಲಿಕ್ಕೆ ಇನ್ನೊಂದು.

ತಾತ್ಕಾಲಿಕ ಕೀ ಕೂಡ ಕಳುವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. 2019ರಲ್ಲಿ ಕ್ಯಾಪಿಟಲ್ ಒನ್ ಬ್ಯಾಂಕಿನಿಂದ ಅಮೆರಿಕದ ಸುಮಾರು 10 ಕೋಟಿ ಜನರ ಮಾಹಿತಿ ಹೋದದ್ದು ಮೆಷಿನಿಗೆ ಕೊಟ್ಟಿದ್ದ ತಾತ್ಕಾಲಿಕ ರೋಲ್ ಕೀಯಿಂದಲೇ. ಆ ರೋಲ್‌ಗೆ ಅಗತ್ಯಕ್ಕಿಂತ ಹೆಚ್ಚು ಅಧಿಕಾರ ಇತ್ತು. ಅವಧಿ ಚಿಕ್ಕದಾದರೆ ಸಾಲದು, ಅಧಿಕಾರವೂ ಚಿಕ್ಕದಿರಬೇಕು. ಇದೂ ನಮ್ಮೂರಿಗೆ ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು (2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಕರಗಿತು, ಆ ಸಿಟ್ಟು ಬೇರೆ ಪೋಸ್ಟಿಗೆ) 1928ರಲ್ಲಿ ಪಿಗ್ಮಿ ಶುರು ಮಾಡಿತು. ಏಜೆಂಟ್ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಿಂದ ಶುರುಮಾಡಿ ಹಣ ಸಂಗ್ರಹಿಸುತ್ತಿದ್ದ, ಲೆಕ್ಕ ಬರೆಯುತ್ತಿದ್ದ. ಅವನಿಗೆ ಇದ್ದದ್ದು ಸಂಗ್ರಹಿಸುವ ಅಧಿಕಾರ. ಬ್ಯಾಂಕಿನ ತಿಜೋರಿಯ ಕೀಲಿಕೈ ಅವನ ಚೀಲದಲ್ಲಿ ಇರಲಿಲ್ಲ. ನಾವು ಪಿಗ್ಮಿ ಏಜೆಂಟನ ಕೈಗೆ ತಿಜೋರಿಯ ಕೀಲಿಕೈ ಕೊಟ್ಟು, ಜೊತೆಗೆ ಬ್ಯಾಂಕಿನ ಕಟ್ಟಡ ಕೆಡವುವ ಅನುಮತಿಯನ್ನೂ ಕೊಟ್ಟು, "ಇದು ಡೆವ್‌ಆಪ್ಸ್" ಅನ್ನುತ್ತೇವೆ.

ಸ್ಟೇಟ್ ಫೈಲಿನ ಬಗ್ಗೆ ಹೇಳದಿದ್ದರೆ ಈ ಜಗಳ ಅರ್ಧವಾಗುತ್ತದೆ. ತಾನು ಕಟ್ಟಿದ್ದನ್ನೆಲ್ಲ ಟೆರಾಫಾರ್ಮ್ ಒಂದು ಫೈಲಿನಲ್ಲಿ ಬರೆದಿಡುತ್ತದೆ. ಡೇಟಾಬೇಸಿನ ಪಾಸ್‌ವರ್ಡ್ ನೀವು ಕೊಟ್ಟಿದ್ದರೆ ಅದೂ ಅಲ್ಲಿ, ಓದಬಹುದಾದ ಅಕ್ಷರಗಳಲ್ಲಿ. "ನಾವು ಸೆನ್ಸಿಟಿವ್ ಅಂತ ಬರೆದಿದ್ದೇವೆ" ಅನ್ನುವವರು ದಯವಿಟ್ಟು ಒಮ್ಮೆ ಆ ಫೈಲು ತೆರೆದು ನೋಡಿ. ಸೆನ್ಸಿಟಿವ್ ಅಂತ ಬರೆದರೆ ಪರದೆಯ ಮೇಲೆ ಕಾಣಿಸುವುದಿಲ್ಲ ಅಷ್ಟೇ, ಫೈಲಿನಲ್ಲಿ ಹಾಗೇ ಕೂತಿರುತ್ತದೆ. ಕೀ ಎಲ್ಲ ತೆಗೆದು ಓಐಡಿಸಿ ಮಾಡಿ, ಸ್ಟೇಟ್ ಫೈಲನ್ನು ಗಿಟ್‌ಗೆ ಹಾಕಿದರೆ ಮುಂಬಾಗಿಲಿಗೆ ಚಿಲಕ ಹಾಕಿ ಹಿಂಬಾಗಿಲು ಕಿತ್ತಿಟ್ಟಂತೆ. ಫೈಲು ಎನ್‌ಕ್ರಿಪ್ಟ್ ಆದ ಬಕೆಟ್ಟಿನಲ್ಲಿರಲಿ, ಅದನ್ನು ಓದುವ ಅಧಿಕಾರ ಅಪ್ಲೈ, ಪ್ಲಾನ್ ರೋಲ್‌ಗಳ ಹೊರಗೆ ಹೋಗದಿರಲಿ. 1.10, 1.11 ಆವೃತ್ತಿಗಳಿಂದ ಸ್ಟೇಟಿಗೆ ಬರೆಯದೆಯೇ ಗುಟ್ಟು ದಾಟಿಸುವ ವ್ಯವಸ್ಥೆಯೂ ಬಂದಿದೆ, ಹೊಸದಾಗಿ ಬರೆಯುವವರು ಅದನ್ನೇ ಕಲಿಯಿರಿ.

ಎಲ್ಲ ಕಡೆ ಇದು ಆಗುವುದಿಲ್ಲ ಅನ್ನುವುದೂ ನಿಜ. ಕೆಲವು ಸಣ್ಣ ಹೋಸ್ಟಿಂಗ್ ಕಂಪನಿಗಳು ಟೋಕನ್ ಬಿಟ್ಟರೆ ಬೇರೆ ಏನನ್ನೂ ಕೊಡುವುದಿಲ್ಲ. ಅಲ್ಲಿ ಅವಧಿ ಹಾಕಲು ಆಗುವುದಾದರೆ ಹಾಕಿ, ಒಂದೇ ಕೆಲಸಕ್ಕೆ ಒಂದೇ ಟೋಕನ್ ಮಾಡಿ, ಯಾರ ಹೆಸರಿನಲ್ಲಿದೆ ಅಂತ ಬರೆದಿಡಿ. ನನ್ನ ಜಗಳ ದಾರಿ ಇಲ್ಲದವರ ಮೇಲೆ ಅಲ್ಲ. ದಾರಿ ಇದ್ದೂ, ಪುಕ್ಕಟೆಯಾಗಿ ಇದ್ದೂ, ಬೇಲಿ ಹಾರುವವರ ಮೇಲೆ.

ಕಾನೂನು ಬೇರೆ ಬಂದಾಗಿದೆ. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥದ್ದು ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, 180 ದಿನದ ಲಾಗ್ ಇಟ್ಟಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯಿದೆಯಲ್ಲಿ ರಕ್ಷಣಾ ಕ್ರಮ ತೆಗೆದುಕೊಳ್ಳದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಬರೆದಿದೆ. ಇಡೀ ಆಫೀಸು ಒಂದೇ ಕೀ ಬಳಸುತ್ತಿದ್ದರೆ ಲಾಗಿನಲ್ಲಿ ಕಾಣುವುದು ಒಂದೇ ಹೆಸರು, "ಅಡ್ಮಿನ್". ರಾತ್ರಿ ಎರಡು ಗಂಟೆಗೆ ಡೇಟಾಬೇಸ್ ಅಳಿಸಿದ್ದು ಯಾರು? ಅಡ್ಮಿನ್. ಬಕೆಟ್ ತೆರೆದಿಟ್ಟದ್ದು ಯಾರು? ಅಡ್ಮಿನ್. ಆಗ ಏನಾಗುತ್ತದೆ ಗೊತ್ತಲ್ಲ... ಕೋಣೆಯಲ್ಲಿ ಅತಿ ಚಿಕ್ಕವನು ಯಾರೋ ಅವನೇ ಅಡ್ಮಿನ್ ಆಗುತ್ತಾನೆ. ರೋಲ್ ಬಳಸಿದರೆ ಯಾವ ಹೊತ್ತಿಗೆ ಯಾರ ಹೆಸರಿನಲ್ಲಿ ಯಾವ ರೋಲ್ ಹೊತ್ತರು ಅನ್ನುವುದು ದಾಖಲಾಗುತ್ತದೆ. ನನಗೆ ಗೊತ್ತಿರುವ ಮಟ್ಟಿಗೆ ಕೆಲವು ಮೇಲಿನವರಿಗೆ ಇದು ಬೇಡವಾಗಿರುವುದು ಇದೇ ಕಾರಣಕ್ಕೆ.

ಹಾಗಾಗಿ ಕನ್ನಡದಲ್ಲಿ ಟೆಕ್ ಬರೆಯುವ ಗೆಳೆಯರೇ, ನಿಮ್ಮ ಪಾಠದ ಮೊದಲ ಹೆಜ್ಜೆ ತಿದ್ದಿ. "ಬಿಗಿನರ್‌ಗಳಿಗೆ ಕಷ್ಟ ಆಗ್ತದೆ" ಅಂತ ಹೇಳಬೇಡಿ. ವಿಪಿಸಿ, ಸಬ್‌ನೆಟ್, ರೂಟ್ ಟೇಬಲ್ ಎಲ್ಲ ಅರ್ಥವಾಗುವ ಬಿಗಿನರ್‌ಗೆ ಬ್ರೌಸರಿನಲ್ಲಿ ಒಮ್ಮೆ ಲಾಗಿನ್ ಆಗುವುದು ಕಷ್ಟವಾ? ನಮ್ಮ ಪಾಠ ಓದುವವರು ಹೆಚ್ಚಾಗಿ ಕನ್ನಡ ಮಾಧ್ಯಮದಿಂದ ಬಂದ, ಆಫೀಸಿನಲ್ಲಿ ತಿರುಗಿ ಪ್ರಶ್ನೆ ಕೇಳಲು ಹೆದರುವ ಹುಡುಗರು. ವಾಟ್ಸ್ಆ್ಯಪ್‌ನಲ್ಲಿ ಬಂದ ಸಿಎಸ್‌ವಿ ನೋಡಿ "ಸರ್, ಇದು ಬೇಡ, ನನ್ನ ಹೆಸರಿಗೆ ರೋಲ್ ಮಾಡಿಕೊಡಿ" ಅನ್ನಲು ಅವರಿಗೆ ಬೇಕಾದದ್ದು ಆ ಒಂದು ವಾಕ್ಯದ ಧೈರ್ಯ, ಮತ್ತು ತೋರಿಸಲಿಕ್ಕೆ ಕನ್ನಡದ ಒಂದು ಪುಟ.

ಆ ಪುಟ ನಾನು ಬರೆಯಲು ಶುರು ಮಾಡಿದ್ದೇನೆ. ಗಿಟ್‌ಹಬ್ ಕಡೆಯಿಂದ ಏನು, ಅಮೆಜಾನ್ ಕಡೆಯಿಂದ ಏನು, ಟ್ರಸ್ಟ್ ಪಾಲಿಸಿಯ ಒಂದೊಂದು ಸಾಲಿನ ಅರ್ಥ ಏನು ಅಂತ. ಅಜೂರ್ ಮತ್ತು ಗೂಗಲ್ ಭಾಗ ಗೊತ್ತಿರುವವರು ಯಾರಾದರೂ ಬರೆದುಕೊಟ್ಟರೆ ಜೊತೆಗೆ ಸೇರಿಸುತ್ತೇನೆ, ಹೆಸರು ಹಾಕಿಯೇ. ಅಷ್ಟರೊಳಗೆ ನಿಮ್ಮ ಆಫೀಸಿನ ಐಎಎಂ ಪುಟ ತೆರೆದು, ಪ್ರತಿ ಕೀ ಎದುರಿಗೆ ಕೊನೆಯ ಸಲ ಯಾವಾಗ ಬಳಸಿದ್ದು ಅಂತ ತೋರಿಸುವ ಕಾಲಂ ಒಮ್ಮೆ ನೋಡಿ. ವರ್ಷದಿಂದ ಯಾರೂ ಮುಟ್ಟದ ಕೀ ಸಿಕ್ಕಿದರೆ ಮೊದಲು ನಿಷ್ಕ್ರಿಯ ಮಾಡಿ, ಒಂದು ವಾರ ಕಾಯಿರಿ, ಯಾರೂ ಬೊಬ್ಬೆ ಹಾಕದಿದ್ದರೆ ಅಳಿಸಿ.